ಗುಡ್ಡದ ಪೇಟೆಯಲ್ಲಿ ನಡೆಯುವವರಿಗಾಗಿ ರಸ್ತೆ ಮರುವಿನ್ಯಾಸ: ಖರ್ಚಿಗೆ ತಕ್ಕ ಫಲ ಸಿಗುತ್ತದೆಯೇ?

ಪೇಟೆವಾಸಿ (ಪ್ರಶ್ನೆ)

ಕೊಡಗಿನ ಸದಸ್ಯರಿಗೆಲ್ಲ ನಮಸ್ಕಾರ. ನಮ್ಮ ಪಟ್ಟಣದ ಮುಖ್ಯ ಪೇಟೆಬೀದಿಯನ್ನು ಸರಿಪಡಿಸುವ ವಿಚಾರ ವಾರ್ಡ್ ಸಭೆಯಲ್ಲಿ ಪ್ರಸ್ತಾಪವಾಗಿದ್ದು, ಎರಡು ಅಭಿಪ್ರಾಯಗಳ ನಡುವೆ ಚರ್ಚೆ ನಿಂತುಹೋಗಿದೆ. ಅಂಗಡಿಗಳ ಮುಂಭಾಗವನ್ನು ಒಂದಿಷ್ಟು ಒಡೆದು, ಮೇಲ್ಬದಿಯ ಬರೆಯನ್ನು (ಗುಡ್ಡದ ಕಡಿದಾದ ಮಣ್ಣಿನ ಬದಿಯನ್ನು) ಕಡಿದು ರಸ್ತೆಯನ್ನು ಅಗಲ ಮಾಡಬೇಕೆಂಬುದು ಒಂದು. ಇರುವ ಅಗಲವನ್ನು ಹಾಗೆಯೇ ಇಟ್ಟುಕೊಂಡು, ವಾಹನಗಳ ಪಾಲಿಗೆ ಹೋಗಿರುವ ಜಾಗದಲ್ಲಿ ಸ್ವಲ್ಪವನ್ನು ಹಿಂಪಡೆದು, ಎರಡೂ ಬದಿಗೆ ಸರಿಯಾದ ಫುಟ್‌ಪಾತ್, ದಾಟಲು ಎತ್ತರಿಸಿದ ಜಾಗ, ಸಾಧ್ಯವಾದರೆ ಸೈಕಲ್ ಪಥವನ್ನೂ ಮಾಡಬೇಕೆಂಬುದು ಇನ್ನೊಂದು.

ಎರಡನೆಯದರ ಪರ ಮಾತನಾಡುವವರು ಬೆಂಗಳೂರಿನ ಚರ್ಚ್ ಸ್ಟ್ರೀಟ್, ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಮರುನಿರ್ಮಿಸಿದ ರಸ್ತೆಗಳು, 2019ರಲ್ಲಿ ಪಾದಚಾರಿಗಳಿಗಾಗಿ ಮರುರೂಪಿಸಿದ ಚೆನ್ನೈನ ಪಾಂಡಿ ಬಜಾರ್ ಇವುಗಳ ಚಿತ್ರಗಳನ್ನು ತೋರಿಸುತ್ತಾರೆ. ಅವೆಲ್ಲ ಸಮತಟ್ಟಾದ ನೆಲದಲ್ಲಿರುವ, ಮೆಟ್ರೊ ಮತ್ತು ನಗರ ಬಸ್ಸುಗಳ ಅನುಕೂಲವಿರುವ ಮಹಾನಗರಗಳ ಬೀದಿಗಳು. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ, ಹಳ್ಳಿಗಳಿಗೆ ಬಸ್ಸು ಇರುವುದು ಕಡಿಮೆ, ಬೀದಿಗಳೆಲ್ಲ ಏರು ಇಳಿಜಾರು, ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆ. ಇಂಥ ಕಡೆ ನಡೆಯುವವರಿಗೂ ಸೈಕಲ್ ಸವಾರರಿಗೂ ರಸ್ತೆಯನ್ನು ಹೊಸದಾಗಿ ರೂಪಿಸಿದರೆ ನಿಜವಾಗಿ ಪ್ರಯೋಜನವಿದೆಯೇ, ಅಥವಾ ಒಂದೆರಡು ಮಳೆಗಾಲದಲ್ಲಿ ಕಿತ್ತುಹೋಗುವ ಅಲಂಕಾರಕ್ಕೆ ಹಣ ಸುರಿದಂತಾಗುತ್ತದೆಯೇ? ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಆತಂಕ ಎಷ್ಟು ನಿಜ? ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಯಾವ ಊರಿನ ಅನುಭವವಾದರೂ ಸರಿ, ತಿಳಿಸಿ. ಯಾವ ಪಕ್ಷದ ಆಡಳಿತದಲ್ಲಿ ಏನಾಯಿತು ಎಂಬ ದಾರಿಗೆ ಮಾತ್ರ ಹೋಗುವುದು ಬೇಡವೆಂದು ವಿನಂತಿ. ಆ ದಾರಿಯಲ್ಲಿ ನಮ್ಮ ವಾರ್ಡ್ ಸಭೆ ಈಗಾಗಲೇ ಬಹಳ ದೂರ ಹೋಗಿ ಬಂದಿದೆ.

ನಿವೃತ್ತ_ಎಂಜಿನಿಯರ್

ರಸ್ತೆ ಕೆಲಸದಲ್ಲೇ ಸೇವೆ ಮುಗಿಸಿದವನು ನಾನು. ಮೊದಲು ಅಗಲೀಕರಣದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದು ಬೇಗ ಮುಗಿಯುವ ಮಾತು. ಗುಡ್ಡದ ಊರಿನಲ್ಲಿ ರಸ್ತೆಯನ್ನು ಒಂದು ಮೀಟರ್ ಅಗಲ ಮಾಡಬೇಕಾದರೆ ಒಂದೋ ಮೇಲಿನ ಬರೆಯ ಬುಡವನ್ನು ಕಡಿಯಬೇಕು, ಇಲ್ಲವೇ ಕೆಳಬದಿಯಲ್ಲಿ ಮಣ್ಣು ತುಂಬಿ ತಡೆಗೋಡೆ ಕಟ್ಟಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ಕಂಡ ಜಿಲ್ಲೆಯವರಿಗೆ ಬರೆ ಕಡಿದರೆ ಏನಾಗಬಹುದೆಂದು ವಿವರಿಸಿ ಹೇಳಬೇಕಾಗಿಲ್ಲ. ಅಷ್ಟೆಲ್ಲ ಮಾಡಿ ಗಳಿಸಿದ ಆ ಒಂದು ಮೀಟರಿನಲ್ಲಿ ವಾಹನ ಓಡುವುದೂ ಇಲ್ಲ, ಬಂದು ನಿಲ್ಲುತ್ತದೆ.

ಇನ್ನು ಅಳತೆಯ ಲೆಕ್ಕ. ಒಂದು ಅಂಗಡಿಯ ಮೆಟ್ಟಿಲಿನಿಂದ ಎದುರು ಅಂಗಡಿಯ ಮೆಟ್ಟಿಲಿನವರೆಗೆ ಒಂಬತ್ತು ಮೀಟರ್ ಇರುವ ಬೀದಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡೂ ದಿಕ್ಕಿನ ಸಂಚಾರಕ್ಕೆ ಐದೂವರೆ ಮೀಟರ್ ಬಿಟ್ಟರೆ ಮೂರೂವರೆ ಉಳಿಯುತ್ತದೆ. ಪಾದಚಾರಿ ಸೌಲಭ್ಯಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದಿರುವ ಐಆರ್‌ಸಿ 103 ಎಂಬ ಮಾರ್ಗಸೂಚಿಯು, ಕಂಬ, ಬೋರ್ಡು, ಟ್ರಾನ್ಸ್‌ಫಾರ್ಮರ್ ಯಾವುದೂ ಅಡ್ಡ ಬಾರದಂತೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕೆನ್ನುತ್ತದೆ. ಉಳಿದದ್ದನ್ನು ಎರಡು ಬದಿಗೆ ಹಂಚಿದರೆ ಹೆಚ್ಚುಕಡಿಮೆ ಅಷ್ಟು ದಕ್ಕುತ್ತದೆ, ಆದರೆ ಒಂದು ಸ್ಕೂಟರ್ ನಿಲ್ಲಿಸಲೂ ಜಾಗವಿರುವುದಿಲ್ಲ. ಅದೇ ಬೀದಿಯನ್ನು ಏಕಮುಖ ಮಾಡಿದರೆ ವಾಹನಕ್ಕೆ 3.5 ಮೀಟರ್, ಎರಡು ಫುಟ್‌ಪಾತ್‌ಗಳಿಗೆ 3.6 ಮೀಟರ್ ಹೋಗಿ, ಸರಕು ಇಳಿಸಲು ಮತ್ತು ಆಟೊ ನಿಲ್ಲಲು 1.9 ಮೀಟರಿನ ಪಟ್ಟಿಯೊಂದು ಉಳಿಯುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ಮರಳಿ ಬರುವ ವಾಹನಗಳಿಗೆ ಸಮಾನಾಂತರವಾದ ಇನ್ನೊಂದು ರಸ್ತೆ ಬೇಕು, ಅದು ನಮ್ಮ ಎಲ್ಲ ಊರುಗಳಲ್ಲೂ ಇಲ್ಲ. ಎದುರಿನಿಂದ ಯಾರೂ ಬರುವುದಿಲ್ಲವೆಂಬ ಧೈರ್ಯಕ್ಕೆ ಚಾಲಕರು ವೇಗ ಹೆಚ್ಚಿಸುವುದರಿಂದ, ದಾಟುವ ಕಡೆಗಳಲ್ಲಿ ರಸ್ತೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಲೇಬೇಕು.

ನನ್ನ ಮಟ್ಟಿಗೆ ಇಡೀ ಯೋಜನೆಯ ಅಳಿವು ಉಳಿವು ಚರಂಡಿಯ ಮೇಲೆ ನಿಂತಿದೆ. ಗಂಟೆಗೆ 50 ಮಿಲಿಮೀಟರ್‌ನಂತೆ ಸುರಿಯುವ ಮಳೆ ಒಂದು ಹೆಕ್ಟೇರಿನಷ್ಟು ಚಾವಣಿ ಮತ್ತು ಡಾಂಬರಿನ ಮೇಲೆ ಬಿದ್ದರೆ ಗಂಟೆಯೊಳಗೆ ಐದು ಲಕ್ಷ ಲೀಟರ್ ನೀರಾಗುತ್ತದೆ. ಇಂಗಲು ಮಣ್ಣಿಲ್ಲದ ಪೇಟೆಯಲ್ಲಿ ಅದರ ಬಹುಪಾಲು ನೇರವಾಗಿ ಚರಂಡಿಗೆ ಬರುತ್ತದೆ, ಇಳಿಜಾರಿನ ರಭಸ ಬೇರೆ. ನಾವು ಫುಟ್‌ಪಾತ್ ಎಂದು ಕರೆಯುತ್ತಿರುವುದು ವಾಸ್ತವವಾಗಿ ಆ ಚರಂಡಿಯ ಮುಚ್ಚಳವನ್ನು. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಲು ಸ್ಲ್ಯಾಬುಗಳನ್ನು ಹಾರೆ ಹಾಕಿ ಎಬ್ಬಿಸುತ್ತಾರೆ; ಎಬ್ಬಿಸಿದ ಸ್ಲ್ಯಾಬ್ ಮತ್ತೆ ಹಿಂದಿನ ಮಟ್ಟಕ್ಕೆ ಕೂರುವುದಿಲ್ಲ. ಒಂದು ಮೂಲೆ ಎರಡು ಬೆರಳಿನಷ್ಟು ಎದ್ದು ನಿಂತಿರುತ್ತದೆ, ಇನ್ನೊಂದು ಮೂಲೆಗೆ ಕಾಲಿಟ್ಟರೆ ಸ್ಲ್ಯಾಬು ವಾಲಿ, ಸಂದಿನಿಂದ ಕೆಸರುನೀರು ಮೊಣಕಾಲಿನವರೆಗೆ ಚಿಮ್ಮುತ್ತದೆ. ಆದ್ದರಿಂದ ಸ್ಲ್ಯಾಬನ್ನು ಎಬ್ಬಿಸದೆ ಹೂಳು ತೆಗೆಯಲು ಅಲ್ಲಲ್ಲಿ ಕಬ್ಬಿಣದ ಚೌಕಟ್ಟಿನ ಪ್ರತ್ಯೇಕ ಮುಚ್ಚಳಗಳನ್ನು ಇಡಬೇಕು. ಟೆಂಡರ್ ಶ್ಯೂರ್ ರಸ್ತೆಗಳಿಂದ ನಾವು ತೆಗೆದುಕೊಳ್ಳಬೇಕಾದ ಪಾಠವೂ ಅಲ್ಲಿನ ಕಲ್ಲುಹಾಸಿನಲ್ಲಿಲ್ಲ. ನೀರಿನ ಕೊಳವೆ, ವಿದ್ಯುತ್ ಮತ್ತು ದೂರವಾಣಿ ಕೇಬಲ್‌ಗಳಿಗೆ ನೆಲದಡಿಯಲ್ಲಿ ಮೊದಲೇ ಜಾಗ ಕೊಟ್ಟು, ಮತ್ತೆ ಮತ್ತೆ ರಸ್ತೆ ಅಗೆಯುವುದನ್ನು ತಪ್ಪಿಸಲು ಹೊರಟ ಕ್ರಮದಲ್ಲಿದೆ.

ಎರಡು ಸಣ್ಣ ವಿಷಯಗಳನ್ನು ಸೇರಿಸುತ್ತೇನೆ. ನುಣುಪಾದ ಟೈಲ್ಸ್ ಹಾಕುವುದಕ್ಕಿಂತ ಏನೂ ಹಾಕದಿರುವುದು ಮೇಲು, ಏಕೆಂದರೆ ಬಿಸಿಲು ಕಾಣದ ಆಷಾಢದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ. ಪೊರಕೆಯಿಂದ ಗೆರೆ ಎಳೆದ ಒರಟು ಕಾಂಕ್ರೀಟ್ ಸಾಕು. ಇಳಿಜಾರಿನಲ್ಲಿ ಎತ್ತರಿಸಿದ ದಾಟುದಾರಿ ಮಾಡುವಾಗ, ಅದರ ಮೇಲ್ಬದಿಯಲ್ಲಿ ನೀರು ಒಳಹೋಗಲು ರಸ್ತೆಗೆ ಅಡ್ಡಲಾಗಿ ಜಾಲರಿ ಕೊಡದಿದ್ದರೆ ದಾಟುದಾರಿಯೇ ಒಡ್ಡಾಗಿ, ನೀರು ಪಕ್ಕದ ಅಂಗಡಿಗೆ ನುಗ್ಗುತ್ತದೆ.

ದಿನಸಿ_ವ್ಯಾಪಾರಿ

ಎಂಜಿನಿಯರ್ ಸಾಹೇಬರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅವರು ಬಿಟ್ಟುಕೊಟ್ಟಿರುವ ಆ 1.9 ಮೀಟರಿನ ಪಟ್ಟಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪ್ರವಾಸಿಗರ ಕಾರು ಬಂದು ನಿಂತರೆ ಸಂಜೆಯವರೆಗೆ ಕದಲುವುದಿಲ್ಲ ಎಂಬುದನ್ನು ಪೇಟೆಯಲ್ಲಿ ಕುಳಿತ ನಾನು ದಿನವೂ ನೋಡುತ್ತೇನೆ.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ತೋಟಗಳಿಂದ ಜೀಪು, ಪಿಕ್‌ಅಪ್ ತೆಗೆದುಕೊಂಡು ಬರುವವರು. ಒಮ್ಮೆ ಬಂದರೆ ತಿಂಗಳ ಅಕ್ಕಿ, ಎಣ್ಣೆ, ಜೊತೆಗೆ ಪಕ್ಕದ ಅಂಗಡಿಯಿಂದ ಗೊಬ್ಬರ, ಸುಣ್ಣ, ಪಂಪಿನ ಬಿಡಿಭಾಗ ಎಲ್ಲವನ್ನೂ ಒಟ್ಟಿಗೆ ಕೊಂಡೊಯ್ಯುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಅವರಿಗೆ ಅರ್ಧ ದಿನ ಬಿಡುವು ಸಿಗುವುದೂ ಕಷ್ಟ. ಅಂಥವರಿಗೆ ವಾಹನವನ್ನು ಊರಾಚೆ ನಿಲ್ಲಿಸಿ ಇಪ್ಪತ್ತೈದು ಕಿಲೋ ಮೂಟೆ ಹೊತ್ತುಕೊಂಡು ಏರು ಹತ್ತಿ ಎಂದರೆ, ಅವರು ಹೆದ್ದಾರಿ ಬದಿಯಲ್ಲಿ ಹೊಸದಾಗಿ ತೆರೆದಿರುವ ದೊಡ್ಡ ಮಳಿಗೆಗೆ ಹೋಗುತ್ತಾರೆ. ಶಿಮ್ಲಾದ ಮಾಲ್ ರಸ್ತೆ, ಗ್ಯಾಂಗ್ಟಾಕಿನ ಎಂ.ಜಿ. ಮಾರ್ಗ ಇವೂ ಗುಡ್ಡದ ಊರುಗಳೇ ಅಲ್ಲವೇ ಎಂದು ಸಭೆಯಲ್ಲಿ ಒಬ್ಬರು ನನ್ನನ್ನು ಕೇಳಿದರು. ಹೌದು, ಆದರೆ ಅಲ್ಲಿ ಪ್ರವಾಸಿಗರು ಸ್ವೆಟರ್, ಶಾಲು ಕೊಂಡು ಕೈಚೀಲದಲ್ಲಿ ಒಯ್ಯುತ್ತಾರೆ. ದಿನಸಿ ಬೀದಿಗೂ ವಿಹಾರದ ಬೀದಿಗೂ ಒಂದೇ ಅಳತೆಗೋಲು ಹಿಡಿಯಬಾರದು.

ನಡೆಯುವವರಿಗೆ ಜಾಗ ಕೊಡುವುದಕ್ಕೆ ನನ್ನ ವಿರೋಧವಿಲ್ಲವೆಂದು ಸ್ಪಷ್ಟಪಡಿಸುತ್ತೇನೆ; ನಡೆದು ಬರುವವರೂ ನನ್ನ ಗಿರಾಕಿಗಳೇ. ವಾಹನ ನಿಲುಗಡೆಗೆ ಮೊದಲ ಅರ್ಧ ಗಂಟೆ ಬಿಟ್ಟು ನಂತರ ಗಂಟೆಗಿಷ್ಟು ಎಂದು ಏರುತ್ತ ಹೋಗುವ ಶುಲ್ಕ ಇಡಲಿ, ಸರಕು ಇಳಿಸಲು ಹೊತ್ತು ಗೊತ್ತುಮಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆ ಅಗೆದ ಮೇಲೆ ಎಷ್ಟು ದಿನದಲ್ಲಿ ಮುಚ್ಚುತ್ತೀರಿ ಎಂಬುದನ್ನು ಬರೆದುಕೊಡಲಿ. ವ್ಯಾಪಾರ ಹಾಳಾಗುವುದು ಫುಟ್‌ಪಾತಿನಿಂದಲ್ಲ, ಅಂಗಡಿಯ ಮುಂದೆ ಆರು ತಿಂಗಳು ಬಾಯಿ ತೆರೆದು ಬಿದ್ದಿರುವ ಗುಂಡಿಯಿಂದ.

ಕಾವೇರಿತೀರದ_ಸೈಕಲ್

ಕುಶಾಲನಗರದ ಕಡೆಯಿಂದ ಒಂದು ಮಾತು. ಈ ಚರ್ಚೆಯಲ್ಲಿ ನಡಿಗೆಯನ್ನೂ ಸೈಕಲನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿರುವುದರಿಂದ ಎರಡಕ್ಕೂ ಅನ್ಯಾಯವಾಗುತ್ತಿದೆ ಎಂದು ನನಗನ್ನಿಸುತ್ತದೆ. ಹೊಳೆಯ ಪಕ್ಕದ ನಮ್ಮ ಊರು ಬಹುಮಟ್ಟಿಗೆ ಸಮತಟ್ಟು. ಇಲ್ಲಿ ಶಾಲಾ ಮಕ್ಕಳು, ಗಾರೆ ಕೆಲಸದವರು, ಹಾಲು ಹಾಕುವವರು ಸೈಕಲಿನಲ್ಲಿ ಓಡಾಡುವುದು ಸುಲಭ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಅದರ ಪೂರ್ಣ ಉಪಯೋಗ ಪಡೆದದ್ದು ಇಂಥ ಊರುಗಳು. ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿ, ಗುಡ್ಡದ ಇಳಿಜಾರಿಗೆ ಅಂಟಿಕೊಂಡಿರುವ ಮಡಿಕೇರಿಯ ಏರುಗಳಲ್ಲಿ ಅದೇ ಸೈಕಲನ್ನು ಮಕ್ಕಳು ತಳ್ಳಿಕೊಂಡು ಹೋಗಬೇಕಾಗುತ್ತದೆ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆಯನ್ನು ಮಡಿಕೇರಿಗೂ ತರಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಬೆಳಿಗ್ಗೆಯೇ ಸೈಕಲುಗಳೆಲ್ಲ ಇಳಿಜಾರಿನ ತಳದ ನಿಲ್ದಾಣಕ್ಕೆ ಬಂದು ಸೇರಿ, ಅವನ್ನು ಮೇಲಕ್ಕೊಯ್ಯಲು ಲಾರಿ ಇಡಬೇಕಾಗುತ್ತದೆ ಎಂಬುದನ್ನು ಸಲಹೆ ಕೊಡುವವರು ಯೋಚಿಸಿದಂತಿಲ್ಲ.

ಏರಿನ ಊರಿನಲ್ಲಿ ಸೈಕಲ್ ಅಸಾಧ್ಯವೆಂದು ನಾನು ಹೇಳುತ್ತಿಲ್ಲ. ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಸೈಕಲ್ ಸವಾರರನ್ನು ಏರಿನಲ್ಲಿ ಮೇಲಕ್ಕೆ ತಳ್ಳುವ ಯಂತ್ರವನ್ನು 1993ರಲ್ಲೇ ರಸ್ತೆಯ ಅಂಚಿಗೆ ಅಳವಡಿಸಿದರು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ; 250 ವ್ಯಾಟ್ ಮೀರದ ಮೋಟಾರಿನ, ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ಸೈಕಲುಗಳಿಗೆ ನಿಯಮದಲ್ಲಿ ನೋಂದಣಿಯ ತಾಪತ್ರಯವಿಲ್ಲ, ಬೆಲೆ ಇಳಿದಂತೆ ಅವು ತಾವಾಗಿ ಬರುತ್ತವೆ. ಆದರೆ ಒಂಬತ್ತು ಮೀಟರಿನ ಪೇಟೆಬೀದಿಯಲ್ಲಿ ಅವುಗಳಿಗೆ ಪ್ರತ್ಯೇಕ ಪಥ ಕೇಳಿದರೆ, ಆ ಜಾಗ ಕಡಿತವಾಗುವುದು ಫುಟ್‌ಪಾತಿನಿಂದಲೇ. ಸೈಕಲ್ ಸವಾರನಿಗೆ ಪೇಟೆಯೊಳಗೆ ಬೇಕಾದದ್ದು ನಿಧಾನವಾಗಿ ಸಾಗುವ ರಸ್ತೆ. ಸರಾಸರಿ ವೇಗ ಶೇಕಡಾ 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಅಪಘಾತದ ಸಾಧ್ಯತೆ ಶೇಕಡಾ 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೇಟೆಯೊಳಗಿನ ವೇಗವನ್ನು ಗಂಟೆಗೆ ಮೂವತ್ತರೊಳಗೆ ಹಿಡಿದಿಟ್ಟರೆ ನಾನು ಆಟೊಗಳ ಜೊತೆಯಲ್ಲೇ ನಿರ್ಭಯವಾಗಿ ಹೋಗಬಲ್ಲೆ. ಪ್ರತ್ಯೇಕ ಪಥದ ಹಣವನ್ನು ಕುಶಾಲನಗರದಂಥ ಕಡೆ, ಶಾಲೆಗಳಿಗೆ ಹೋಗುವ ಹೆದ್ದಾರಿ ಅಂಚಿನಲ್ಲಿ ಹಾಕಲಿ. ಅಲ್ಲಿ ಬಸ್ಸು, ಲಾರಿಗಳು ಮಕ್ಕಳ ಭುಜ ಸವರಿಕೊಂಡು ಹೋಗುತ್ತವೆ.

ದಿನಸಿ ವ್ಯಾಪಾರಿಯವರಿಗೆ ಒಂದು ಮಾತು. ಸ್ಪೇನಿನ ಪೊಂತೆವೆದ್ರ ಎಂಬ ಪಟ್ಟಣದ ಜನಸಂಖ್ಯೆ ಒಂದು ಲಕ್ಷವೂ ಇಲ್ಲ. 1999ರಿಂದ ಅವರು ಊರಿನ ನಡುಭಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟು, ವಾಹನ ನಿಲುಗಡೆಯನ್ನು ಅಂಚಿಗೆ ಸಾಗಿಸಿದರು. ಸರಕು ಇಳಿಸುವವರಿಗೆ ಮಾತ್ರ ಅಲ್ಪಾವಧಿಯ ಪ್ರವೇಶವಿದೆ. ಅಂದರೆ ನೀವು ಕೇಳುತ್ತಿರುವ ವಿನಾಯಿತಿ ಮರುವಿನ್ಯಾಸಕ್ಕೆ ಹೊರಗಿನದೇನೂ ಅಲ್ಲ.

ಶುಶ್ರೂಷಕಿ_ವಿರಾಜಪೇಟೆ

ಇಲ್ಲಿಯವರೆಗೆ ವಾಹನದವರು, ವ್ಯಾಪಾರದವರು, ಸೈಕಲಿನವರು ಮಾತನಾಡಿದ್ದಾರೆ. ನಡೆಯುವವರ ಪರವಾಗಿ ನಾನು ಬರೆಯುತ್ತೇನೆ.

ನಮ್ಮಲ್ಲಿ ಸಂಚಾರ ಸಮೀಕ್ಷೆ ಎಂದರೆ ವಾಹನಗಳ ಎಣಿಕೆ. ಸಂತೆಯ ದಿನ ಪೇಟೆಯಲ್ಲಿ ನಿಂತು ನೋಡಿದರೆ ಚಿತ್ರವೇ ಬೇರೆ. ತೋಟದ ಲೈನ್‌ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬಂದ ಹೆಂಗಸರು ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದು, ನಿಂತ ಕಾರುಗಳ ಹೊರಬದಿಯಿಂದ, ಅಂದರೆ ರಸ್ತೆಯ ನಡುವಿನಿಂದಲೇ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಮಳೆ ಬಂದರೆ ಮಗುವಿನ ಕೈ ಬಿಟ್ಟು ಕೊಡೆ ಹಿಡಿಯಬೇಕು. ಇವರಲ್ಲಿ ಯಾರ ಬಳಿಯೂ ಕಾರಿಲ್ಲ, ಇವರು ಯಾವ ಸಭೆಗೂ ಬರುವುದಿಲ್ಲ, ಯಾವ ಎಣಿಕೆಯಲ್ಲೂ ಸೇರುವುದಿಲ್ಲ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಈ ಅಂಕಿಯಲ್ಲಿ ಒಂದು ಕೊರತೆ ಕಾಣುತ್ತದೆ. ಅರುವತ್ತು ದಾಟಿದವರು ಅಲುಗುವ ಸ್ಲ್ಯಾಬಿನ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ರಸ್ತೆ ಅಪಘಾತವೆಂದು ಪೊಲೀಸರ ಪುಸ್ತಕಕ್ಕೆ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಯಾವ ವಾಹನವೂ ಗುದ್ದಿಲ್ಲ. ಬಿದ್ದವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ಮನೆಯ ಒಬ್ಬರು ಕೆಲಸ ಬಿಟ್ಟು ಅವರ ಜೊತೆ ಕೂರುತ್ತಾರೆ, ಕೆಲವರು ಮತ್ತೆ ಪೇಟೆಗೆ ಕಾಲಿಡುವುದೇ ಇಲ್ಲ. ಫುಟ್‌ಪಾತಿನ ಖರ್ಚು ಹೆಚ್ಚಾಯಿತೆನ್ನುವವರು ಈ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗವೆಂದು ಹೇಳಿ, ವಿಕಲಚೇತನರಿಗೂ ಅದು ಬಳಸುವಂತಿರಬೇಕೆಂದು ಸೂಚಿಸಿದೆ. ನಮ್ಮ ಊರಿನಲ್ಲಿ ಗಾಲಿಕುರ್ಚಿ ಪೇಟೆಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಪ್ರತಿ ಅಂಗಡಿಯವರೂ ನೀರು ಒಳಗೆ ಬಾರದಿರಲೆಂದು ತಮ್ಮ ಹೊಸ್ತಿಲಿನ ಮುಂದೆ ತಮಗೆ ಬೇಕಾದಷ್ಟು ಎತ್ತರಕ್ಕೆ ಕಾಂಕ್ರೀಟ್ ಹಾಕಿಕೊಂಡಿದ್ದಾರೆ. ನಡೆಯುವವರು ಅಂಗಡಿಗೊಂದು ಮೆಟ್ಟಿಲು ಹತ್ತಿ ಇಳಿಯಬೇಕು.

ಇನ್ನೊಂದು ಆತಂಕವೂ ಇದೆ. ಫುಟ್‌ಪಾತ್ ಸರಿಪಡಿಸುವುದೆಂದರೆ ಮೊದಲು ಹೂವಿನವರನ್ನೂ ಸೊಪ್ಪಿನವರನ್ನೂ ಎಬ್ಬಿಸುವುದು ಎಂದು ಆಗಬಾರದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಅವರಿಗೆ ಜಾಗ ಗೊತ್ತುಮಾಡಬೇಕು. ಅದು ನಕ್ಷೆಯಲ್ಲೇ ಇರಲಿ. ಬೆಳಕೂ ಹಾಗೆಯೇ. ರಾತ್ರಿ ಪಾಳಿ ಮುಗಿಸಿ ಬರುವವಳಿಗೆ ವಾಹನದ ಮೇಲೆ ಬೀಳುವ ಎತ್ತರದ ದೀಪಕ್ಕಿಂತ ಕಾಲಡಿ ಕಾಣಿಸುವ ತಗ್ಗಿನ ದೀಪ ಬೇಕು.

ನಿವೃತ್ತ_ಎಂಜಿನಿಯರ್

ಅಕ್ಕ ಹೇಳಿದ ಹೊಸ್ತಿಲಿನ ವಿಷಯ ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ. ಅದೇ ಅತ್ಯಂತ ಕಷ್ಟದ ಭಾಗ. ಇಳಿಜಾರಿನಲ್ಲಿ ಫುಟ್‌ಪಾತನ್ನು ರಸ್ತೆಯ ಓರೆಗೇ ಸಮನಾಗಿ ಓಡಿಸಿ, ಅಂಗಡಿಯ ಮೆಟ್ಟಿಲನ್ನು ಅಂಗಡಿಯ ಗಡಿಯೊಳಕ್ಕೆ ಸರಿಸಬೇಕು. ಅದಕ್ಕೆ ಒಬ್ಬೊಬ್ಬ ಮಾಲೀಕರೊಡನೆಯೂ ಕುಳಿತು ಮಾತನಾಡಬೇಕು. ಚರಂಡಿ ಸರಿಯಿದ್ದು ನೀರು ಉಕ್ಕುವುದಿಲ್ಲವೆಂಬ ನಂಬಿಕೆ ಬಂದರೆ ಮಾತ್ರ ಅವರು ಒಪ್ಪುತ್ತಾರೆ.

ಪ್ರಯೋಗ ಮಾಡಿ ನೋಡುವುದಾದರೆ ಕಟ್ಟುವ ಮುನ್ನವೇ ಮಾಡಬಹುದು. ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಮುಕ್ತವಾಗಿಟ್ಟು ಪರೀಕ್ಷಿಸಿದ್ದರು. ಇಲ್ಲಿಯೂ ಬಣ್ಣದ ಗೆರೆ, ಮರಳು ತುಂಬಿದ ಡ್ರಮ್ಮುಗಳಷ್ಟರಿಂದಲೇ ಏಕಮುಖ ಸಂಚಾರವನ್ನೂ ಫುಟ್‌ಪಾತಿನ ಅಗಲವನ್ನೂ ಪರೀಕ್ಷಿಸಬಹುದು. ಆದರೆ ಬೇಸಗೆಯಲ್ಲಿ ಮಾಡಿದ ಪರೀಕ್ಷೆಯನ್ನು ಮಾತ್ರ ನಂಬಿ ಟೆಂಡರ್ ಕರೆಯಬೇಡಿ. ಜುಲೈ ತಿಂಗಳ ಒಂದು ಸಂತೆಯ ದಿನವಾದರೂ ಅದರೊಳಗೆ ಬರಲಿ.

ಪೇಟೆವಾಸಿ

ಎಲ್ಲರಿಗೂ ಧನ್ಯವಾದಗಳು. ಪೇಟೆಬೀದಿಯಲ್ಲಿ ಸೈಕಲ್ ಪಥದ ಬೇಡಿಕೆಯನ್ನು ಕೈಬಿಟ್ಟು, ಬಸ್‌ಸ್ಟ್ಯಾಂಡಿನಿಂದ ಸಂತೆಮಾಳದವರೆಗಿನ ತುಂಡಿಗೆ ಮಾತ್ರ ಮನವಿ ಬರೆಯುತ್ತಿದ್ದೇನೆ. ಸಂತೆಯ ದಿನ ನಡೆಯುವವರ ಎಣಿಕೆ, ಮಳೆಗಾಲವನ್ನೂ ಒಳಗೊಂಡ ಪ್ರಾಯೋಗಿಕ ಏಕಮುಖ ಸಂಚಾರ, ಚರಂಡಿಯ ನಕ್ಷೆ ಮೊದಲು ಮತ್ತು ನೆಲಹಾಸು ಆಮೇಲೆ, ಸೊಪ್ಪು ಹೂವಿನವರಿಗೆ ಗೊತ್ತುಪಡಿಸಿದ ಜಾಗ, ಬೆಳಿಗ್ಗೆ ಒಂಬತ್ತರವರೆಗೆ ಸರಕು ಇಳಿಸುವ ಅವಕಾಶ, ಏರುವ ನಿಲುಗಡೆ ಶುಲ್ಕ, ಇಷ್ಟನ್ನು ಸೇರಿಸಿದ್ದೇನೆ. ವ್ಯಾಪಾರಿಗಳ ಸಹಿ ಇದ್ದರೆ ಮನವಿಗೆ ತೂಕ ಬರುತ್ತದೆ.

ದಿನಸಿ_ವ್ಯಾಪಾರಿ

ಒಂಬತ್ತು ಗಂಟೆ ಆಗುವುದಿಲ್ಲ. ಮಳೆಗಾಲದಲ್ಲಿ ಮಂಜು ಕವಿದು ಮೈಸೂರು ಕಡೆಯ ಲಾರಿಗಳು ತಡವಾಗುತ್ತವೆ, ಹಮಾಲಿಗಳು ಬರುವುದೂ ಎಂಟೂವರೆಗೆ. ಹತ್ತೂವರೆ ಎಂದು ತಿದ್ದಿ. ಒಮ್ಮೆಗೆ ಐವತ್ತು ಮೀಟರಿಗಿಂತ ಹೆಚ್ಚು ಅಗೆಯಬಾರದು, ಅಗೆದ ತುಂಡನ್ನು ಮುಚ್ಚದೆ ಮುಂದಿನ ತುಂಡಿಗೆ ಹೋಗಬಾರದು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಗೆತ ಬೇಡ ಎಂಬುದನ್ನೂ ಸೇರಿಸಿ. ಮಳೆಗಾಲದಲ್ಲಿ ಹೇಗೂ ಅಗೆಯಲಾಗುವುದಿಲ್ಲವಾದ್ದರಿಂದ ಉಳಿಯುವುದು ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರ್ ತಿಂಗಳುಗಳು ಎಂದು ನೀವು ಹೇಳಬಹುದು. ಹೌದು, ಅಷ್ಟೇ ಉಳಿಯುವುದು. ಗುತ್ತಿಗೆದಾರರಿಗೆ ಅದನ್ನು ಮೊದಲೇ ತಿಳಿಸಿ ದರ ಕೇಳಲಿ. ತಿದ್ದಿದ ಪ್ರತಿಯನ್ನು ವ್ಯಾಪಾರಿಗಳ ಸಂಘಕ್ಕೆ ಕಳುಹಿಸಿದರೆ ಸಭೆಯಲ್ಲಿ ಇಡುತ್ತೇನೆ. ನನ್ನ ಸಹಿ ಇರುತ್ತದೆ, ಉಳಿದವರದು ಹೇಳಲಾರೆ.